ಕೋಟೆಯ ಕಂದಕದಿಂದ ಪಾಲಿಕೆಯ ಕಾರ್ಯಸೂಚಿಯವರೆಗೆ: ಕಲಬುರಗಿಯ ನಾಗರಿಕರಿಗೊಂದು ಮಾರ್ಗದರ್ಶಿ

ಕಲಬುರಗಿಯ ಕೋಟೆಯನ್ನು ನಾವು ಇಂದು ಸ್ಮಾರಕವೆಂದು ಕರೆಯುತ್ತೇವೆ. ಕಟ್ಟಿದವರ ಕಣ್ಣಿಗೆ ಅದು ಸೈನ್ಯದ ನೆಲೆಯಾಗಿತ್ತು. 1347ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿದ ಅಲಾವುದ್ದೀನ್ ಹಸನ್ ಬಹಮನ್ ಷಾ ಈ ಊರನ್ನು ರಾಜಧಾನಿ ಮಾಡಿಕೊಂಡ ಮೇಲೆ, ಮೊದಲೇ ಇದ್ದ ಕೋಟೆಗೆ ಬಲ ಬಂದಿತು: ಎರಡು ಸುತ್ತಿನ ಗೋಡೆ, ಬುರುಜುಗಳು, ಅವುಗಳ ಮೇಲೆ ಉದ್ದುದ್ದ ಫಿರಂಗಿಗಳು, ಎಲ್ಲಕ್ಕೂ ಹೊರಗೆ ಅಗಲವಾದ ಕಂದಕ. ರಾಜಧಾನಿ ಬೀದರಿಗೆ ಹೋಗಿ ಸುಮಾರು ಆರು ಶತಮಾನಗಳಾದವು. ಸೈನ್ಯ ಹೋಯಿತು, ಕಂದಕ ಉಳಿಯಿತು. ಶತ್ರು ಒಳಗೆ ಬರಬಾರದೆಂದು ತೋಡಿದ ಆ ಕಂದಕಕ್ಕೆ ಈಗ ಓಣಿಗಳ ಬಚ್ಚಲ ನೀರು ಯಾರ ಅಡ್ಡಿಯೂ ಇಲ್ಲದೆ ಬಂದು ಬೀಳುತ್ತದೆ.

ಇದನ್ನು ಕಂಡು ಬೇಸರಪಡುವವರು ಊರಿನಲ್ಲಿ ಕಡಿಮೆಯಿಲ್ಲ. ಬೇಸರವನ್ನು ಮಹಾನಗರ ಪಾಲಿಕೆಯ ಒಂದು ಠರಾವಾಗಿ (ಸಭೆಯ ನಿರ್ಣಯವಾಗಿ), ಆ ಠರಾವನ್ನು ಒಂದು ಕಾರ್ಯಾದೇಶವಾಗಿ (ಗುತ್ತಿಗೆದಾರರಿಗೆ ಕೆಲಸ ಶುರು ಮಾಡಲು ಕೊಡುವ ಆದೇಶವಾಗಿ) ಮಾಡುವ ದಾರಿ ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ. ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಎರಡು ದಿನ ಮಾತಾಗುತ್ತದೆ, ಮೂರನೆಯ ದಿನ ಮರೆತುಹೋಗುತ್ತದೆ. ಪಾಲಿಕೆ ಎಂಬ ಸಂಸ್ಥೆ ಕೇಳಿಸಿಕೊಳ್ಳುವುದು ಕಾಗದದ ಮೂಲಕ, ಅದೂ ಸರಿಯಾದ ಮೇಜಿನ ಮೇಲೆ ಸರಿಯಾದ ತಿಂಗಳಿನಲ್ಲಿ ಬಿದ್ದ ಕಾಗದದ ಮೂಲಕ. ಆ ಕಾಗದ ಯಾವುದು, ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಬೀದರ್ ಮತ್ತು ಯಾದಗಿರಿಯ ಕೋಟೆಗಳ ಸುತ್ತ ವಾಸವಿರುವವರಿಗೂ ಇದರ ಬಹುಭಾಗ ಅನ್ವಯಿಸುತ್ತದೆ. ನಗರಸಭೆ ಇರುವ ಊರಿನಲ್ಲಿ ಮಾತ್ರ 1976ರ ಪಾಲಿಕೆ ಕಾಯ್ದೆಯ ಬದಲು 1964ರ ಪುರಸಭೆಗಳ ಕಾಯ್ದೆ ಜಾರಿಯಲ್ಲಿರುತ್ತದೆ, ಮಹಾಪೌರರ ಜಾಗದಲ್ಲಿ ಅಧ್ಯಕ್ಷರಿರುತ್ತಾರೆ.

ಮೊದಲ ಹೆಜ್ಜೆ: ಜಾಗ ಯಾರದು ಎಂದು ತಿಳಿಯುವುದು

ಅರ್ಜಿ ಬರೆಯುವ ಮೊದಲೇ ಮಾಡಬೇಕಾದ ಕೆಲಸವಿದು, ಮತ್ತು ಹೆಚ್ಚಿನವರು ಎಡವುವುದೂ ಇಲ್ಲಿಯೇ. ಹಿಂದೊಮ್ಮೆ ನಾನು ಒಂದು ಕಚೇರಿಗೆ ಕೊಟ್ಟ ಮನವಿಗೆ ಎಂಟು ತಿಂಗಳ ನಂತರ ಬಂದ ಉತ್ತರ ಒಂದೇ ಸಾಲಿನದಾಗಿತ್ತು: ‘ಸದರಿ ಜಾಗವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.’ ಉತ್ತರ ಸರಿಯಾಗಿಯೇ ಇತ್ತು. ತಪ್ಪು ನನ್ನದು, ಎಂಟು ತಿಂಗಳೂ ನನ್ನವೇ.

ಕೋಟೆ ಕೇಂದ್ರ ಸರ್ಕಾರದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ರಕ್ಷಿತ ಪ್ರದೇಶದ ಒಳಗಿನ ಕಲ್ಲೊಂದನ್ನು ಸರಿಸುವುದಕ್ಕೂ ಆ ಇಲಾಖೆಯ ಒಪ್ಪಿಗೆ ಬೇಕು. ಸ್ಮಾರಕಕ್ಕೆ ಧಕ್ಕೆ ಮಾಡಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. 2010ರ ತಿದ್ದುಪಡಿಯು ರಕ್ಷಿತ ಪ್ರದೇಶದ ಅಂಚಿನಿಂದ 100 ಮೀಟರಿನವರೆಗೆ ನಿಷೇಧಿತ ವಲಯವನ್ನೂ, ಅದರಾಚೆ ಇನ್ನೂ 200 ಮೀಟರಿನವರೆಗೆ ನಿಯಂತ್ರಿತ ವಲಯವನ್ನೂ ಗೊತ್ತುಪಡಿಸಿತು. ಹೀಗಾಗಿ ಕಂದಕದಲ್ಲಿ ತುಂಬಿರುವ ಹೂಳನ್ನು ಎತ್ತುವ ಅಧಿಕಾರ ಪಾಲಿಕೆಗೆ ತಾನಾಗಿ ಬರುವುದಿಲ್ಲ. ಕಂದಕದ ದಂಡೆಯಾಚೆಗಿನ ಓಣಿಯಿಂದ ಬರುವ ಚರಂಡಿಯನ್ನು ಮಾತ್ರ ಪಾಲಿಕೆಯಲ್ಲದೆ ಬೇರೆ ಯಾರೂ ತಿರುಗಿಸಲಾರರು.

ಇಲ್ಲಿ ಒಂದು ಸೂಕ್ಷ್ಮವನ್ನು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ಯಾರಾದರೊಬ್ಬರು ಇದನ್ನು ನೆಪವಾಗಿ ಹೇಳಿಯೇ ಹೇಳುತ್ತಾರೆ. ‘ಕೋಟೆಯಿಂದ ನೂರು ಮೀಟರ್ ಒಳಗೆ ನಾವು ಏನೂ ಮಾಡುವಂತಿಲ್ಲ, ಪುರಾತತ್ವದವರು ಬಿಡುವುದಿಲ್ಲ’ ಎಂಬ ಮಾತು ಪೂರ್ತಿ ನಿಜವಲ್ಲ. ಅದೇ ಕಾಯ್ದೆಯಲ್ಲಿ ‘ನಿರ್ಮಾಣ’ ಎಂಬ ಪದದ ವ್ಯಾಖ್ಯೆಯಿಂದ ಚರಂಡಿಗಳ ನಿರ್ಮಾಣ, ನಿರ್ವಹಣೆ ಮತ್ತು ಶುಚಿಗೊಳಿಸುವಿಕೆಯನ್ನು, ಸಾರ್ವಜನಿಕ ಶೌಚಾಲಯಗಳನ್ನು, ಜನರಿಗೆ ನೀರು ಪೂರೈಸುವ ಕಾಮಗಾರಿಗಳನ್ನು ಹೊರಗಿಡಲಾಗಿದೆ. ಆದ್ದರಿಂದ ರಕ್ಷಿತ ಪ್ರದೇಶದ ಹೊರಗಿನ ಚರಂಡಿಯನ್ನು ಸ್ವಚ್ಛವಾಗಿಡಲು ಈ ಕಾಯ್ದೆಯ ನೂರು ಮೀಟರ್ ಅಡ್ಡಬರುವುದಿಲ್ಲ. ಈ ಒಂದು ಅಂಶವನ್ನು ಅರ್ಜಿಯಲ್ಲೇ ಬರೆದಿಟ್ಟರೆ ಎರಡು ಇಲಾಖೆಗಳ ನಡುವೆ ಚೆಂಡಿನಂತೆ ಓಡಾಡುವ ಕಷ್ಟ ಸ್ವಲ್ಪ ತಪ್ಪುತ್ತದೆ.

ಜಾಗದ ಗಡಿಯನ್ನು ತಿಳಿಯಲು ಭೂಮಾಪನ ಇಲಾಖೆಯಲ್ಲಿ ನಗರ ಸರ್ವೆಯ ನಕಾಶೆಯ ಪ್ರತಿ ಕೇಳಬಹುದು. ರಕ್ಷಿತ ಪ್ರದೇಶದ ನಕಾಶೆ ಪುರಾತತ್ವ ಇಲಾಖೆಯಲ್ಲಿರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕಂದಕ ಎಲ್ಲಿ ಮುಗಿಯುತ್ತದೆ, ಪಾಲಿಕೆಯ ರಸ್ತೆ ಎಲ್ಲಿ ಶುರುವಾಗುತ್ತದೆ ಎಂಬುದು ತಿಳಿಯುತ್ತದೆ. ಕೋಟೆಯೊಳಗೆ ತಲೆಮಾರುಗಳಿಂದ ವಾಸವಿರುವ ಕುಟುಂಬಗಳ ತೆರವಿನ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದ ವಿಷಯ. ಸ್ವಚ್ಛತೆಯ ಅರ್ಜಿಯಲ್ಲಿ ಅದನ್ನು ಸೇರಿಸಬೇಡಿ. ಸೇರಿಸಿದ ಕೂಡಲೇ ಕಡತದ ಮೇಲೆ ‘ನ್ಯಾಯಾಲಯದ ವಿಚಾರಣೆಯಲ್ಲಿದೆ’ ಎಂದು ಬರೆದು ಬದಿಗಿಡುವುದು ಸುಲಭವಾಗುತ್ತದೆ, ಮತ್ತು ಬಡವರ ಮನೆಗಳ ಪ್ರಶ್ನೆಯನ್ನು ಕಸದ ಪ್ರಶ್ನೆಯೊಡನೆ ಬೆರೆಸುವುದು ನ್ಯಾಯವೂ ಅಲ್ಲ.

ಜಾಗದ ಒಡೆಯ ಯಾರೆಂಬುದಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಇನ್ನೊಂದು ಕಾರಣವಿದೆ. ಸೈನ್ಯ ಬಿಟ್ಟುಹೋದ ನೆಲದ ಶುದ್ಧೀಕರಣ ಎಲ್ಲಿ ನಡೆದರೂ ಮೊದಲ ಪ್ರಶ್ನೆ ಇದೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೋರ್ಟ್ ಆರ್ಡ್ ಎಂಬ ದೊಡ್ಡ ಸೇನಾ ನೆಲೆ 1994ರಲ್ಲಿ ಮುಚ್ಚಿತು. ಅಲ್ಲಿನ ನೆಲದಲ್ಲಿ ಸಿಡಿಯದೆ ಉಳಿದ ಶೆಲ್ಲುಗಳಿದ್ದವು, ಗುಂಡು ಹಾರಿಸುವ ಅಭ್ಯಾಸದ ಜಾಗಗಳಲ್ಲಿ ಸೀಸ ಬೆರೆತಿತ್ತು, ಅಂತರ್ಜಲಕ್ಕೆ ರಾಸಾಯನಿಕ ಸೇರಿತ್ತು. ಶುದ್ಧೀಕರಣದ ಹೊಣೆ ಸೇನೆಯದಾಗಿ ಉಳಿಯಿತು. ಸುತ್ತಲಿನ ಊರುಗಳ ಕೌನ್ಸಿಲ್‌ಗಳ ಕೈಗೆ ಹಂತ ಹಂತವಾಗಿ ನೆಲ ಬಂದಿತು. ನಮ್ಮ ಕೋಟೆಯಲ್ಲಿ ಸೀಸವಿಲ್ಲ, ಪ್ಲಾಸ್ಟಿಕ್ ಇದೆ. ಆದರೆ ಒಡೆಯನ ಕೆಲಸ ಯಾವುದು, ಊರಿನ ಸಭೆಯ ಕೆಲಸ ಯಾವುದು ಎಂದು ಬೇರ್ಪಡಿಸದಿದ್ದರೆ ಅಲ್ಲಿಯೂ ಕಡತ ಚಲಿಸುತ್ತಿರಲಿಲ್ಲ, ಇಲ್ಲಿಯೂ ಚಲಿಸುವುದಿಲ್ಲ.

ಎರಡನೆಯ ಹೆಜ್ಜೆ: ನೋಡಿ ಬರೆದುಕೊಳ್ಳುವುದು

ಒಂದು ನೋಟ್‌ಬುಕ್ಕು, ಒಂದು ಮೊಬೈಲು, ಇಬ್ಬರು ಜೊತೆಗಾರರು ಸಾಕು. ಬೇಸಿಗೆಯಲ್ಲಿ ಒಮ್ಮೆ, ಮಳೆ ಬಿದ್ದ ಮರುದಿನ ಒಮ್ಮೆ ಕಂದಕದ ದಂಡೆಯುದ್ದಕ್ಕೂ ನಡೆಯಿರಿ. ಬೇಸಿಗೆಯಲ್ಲಿ ಹೋಗುವುದಾದರೆ ಬೆಳಗ್ಗೆ ಎಂಟರೊಳಗೆ ಮುಗಿಸಿ. ಮೇ ತಿಂಗಳ ಕಲಬುರಗಿಯ ಬಿಸಿಲಿನ ಬಗ್ಗೆ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಮಳೆಗಾಲದ ನಡಿಗೆ ಏಕೆ ಬೇಕೆಂದರೆ, ಬೇಸಿಗೆಯಲ್ಲಿ ಒಣಗಿದಂತೆ ಕಾಣುವ ಚರಂಡಿಯ ಬಾಯಿಗಳು ಆಗಲೇ ನಿಜವಾಗಿ ಕಾಣುವುದು.

ಕಂಡದ್ದನ್ನೆಲ್ಲ ‘ಗಲೀಜು’ ಎಂಬ ಒಂದೇ ಪದದಲ್ಲಿ ಬರೆಯಬೇಡಿ. ಕಂದಕದಲ್ಲಿ ಸಾಮಾನ್ಯವಾಗಿ ನಾಲ್ಕು ಬೇರೆ ಬೇರೆ ವಸ್ತುಗಳಿರುತ್ತವೆ ಮತ್ತು ಪಾಲಿಕೆಯೊಳಗೆ ಅವುಗಳಿಗೆ ನಾಲ್ಕು ಬೇರೆ ದಾರಿಗಳಿವೆ. ಚರಂಡಿ ನೀರು ಬರುವುದಾದರೆ ಅದು ಎಂಜಿನಿಯರಿಂಗ್ ಶಾಖೆಯ ವಿಷಯ, ವಾರ್ಡಿನ ಕಿರಿಯ ಎಂಜಿನಿಯರ್ ಅದನ್ನು ನೋಡಬೇಕು. ಮನೆ, ಅಂಗಡಿ, ಹೋಟೆಲ್, ಮಾಂಸದಂಗಡಿಗಳ ಕಸವಾದರೆ ಆರೋಗ್ಯ ಶಾಖೆ ಮತ್ತು ಪರಿಸರ ಎಂಜಿನಿಯರ್ ಬಳಿ ಹೋಗಬೇಕು. ಹಳೆಯ ಮನೆ ಕೆಡವಿದ ಇಟ್ಟಿಗೆ, ಕಾಂಕ್ರೀಟು, ಫರ್ಸಿ ಚೂರುಗಳಾದರೆ ಅದು ಕಟ್ಟಡ ತ್ಯಾಜ್ಯ. ಅದಕ್ಕೆ ಪ್ರತ್ಯೇಕ ನಿಯಮಗಳಿವೆ, ಅದನ್ನು ಮನೆ ಕಸದ ಗಾಡಿಯಲ್ಲಿ ಹಾಕುವಂತಿಲ್ಲ. ಗೋಡೆಯ ಬಿರುಕಿನಲ್ಲಿ ಬೇರುಬಿಟ್ಟ ಆಲ, ಅರಳಿ, ಕಂದಕದಲ್ಲಿ ಹಬ್ಬಿದ ಬಳ್ಳಾರಿ ಜಾಲಿ ಮೊದಲಾದವನ್ನು ಪುರಾತತ್ವ ಇಲಾಖೆಯೇ ತೆಗೆಸಬೇಕು, ಏಕೆಂದರೆ ಬೇರನ್ನು ಕಿತ್ತರೆ ಅದರೊಡನೆ ಕಲ್ಲೂ ಬರುತ್ತದೆ.

ಪ್ರತಿ ಚರಂಡಿಯ ಬಾಯಿಗೂ ಒಂದು ಸಂಖ್ಯೆ ಕೊಡಿ. ಅದು ಯಾವ ಓಣಿಯಿಂದ ಬರುತ್ತದೆ, ಸಿಮೆಂಟಿನ ಪೈಪೋ ತೆರೆದ ಕಾಲುವೆಯೋ, ನೀರು ದಿನವಿಡೀ ಬರುತ್ತದೋ ಬೆಳಗ್ಗೆ ಮಾತ್ರವೋ ಎಂದು ಬರೆಯಿರಿ. ಹಿಂದಿರುವ ಬುರುಜು ಅಥವಾ ಬಾಗಿಲು ಕಾಣುವಂತೆ ಫೋಟೊ ತೆಗೆಯಿರಿ, ಆಗ ಜಾಗದ ಬಗ್ಗೆ ವಾದ ಏಳುವುದಿಲ್ಲ. ನನ್ನ ಅನುಭವದಲ್ಲಿ ಸಭೆಯ ಮುಂದೆ ಹೆಚ್ಚು ಬೆಲೆ ಬರುವುದು ಭಾವುಕ ಮಾತಿಗಲ್ಲ, ಇಂಥ ಒಂದು ಪುಟದ ಪಟ್ಟಿಗೆ.

ಕಂದಕಕ್ಕೆ ಇಳಿಯಬೇಡಿ, ಹುಡುಗರನ್ನೂ ಇಳಿಸಬೇಡಿ. ರಾಡಿಯ ಆಳ ಮೇಲಿನಿಂದ ತಿಳಿಯುವುದಿಲ್ಲ, ಹಾವುಗಳಿರುತ್ತವೆ, ಚರಂಡಿ ನೀರು ನಿಂತಲ್ಲಿ ವಿಷಾನಿಲ ಇರಬಹುದು. ಭಾನುವಾರದ ಶ್ರಮದಾನಕ್ಕೆ ಒಂದು ಸಂಘ ಬಂದರೆ ಅವರಿಗೆ ದಂಡೆಯ ಮೇಲಿನ ಒಣ ಕಸವನ್ನಷ್ಟೇ ಒಪ್ಪಿಸಿ, ಅದನ್ನೂ ಪುರಾತತ್ವ ಇಲಾಖೆಗೆ ಲಿಖಿತವಾಗಿ ತಿಳಿಸಿ ಮಾಡಿ. ಹಳೆಯ ಕಬ್ಬಿಣದ ಗುಂಡು, ನಾಣ್ಯ, ಕೆತ್ತಿದ ಕಲ್ಲು ಕಂಡರೆ ಮುಟ್ಟದೆ ಇದ್ದಲ್ಲೇ ಬಿಟ್ಟು ಪುರಾತತ್ವ ಇಲಾಖೆಗೆ ಮತ್ತು ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಬೇಕು. ಶೆಲ್ಲಿನಂತಹ ವಸ್ತುವೇನಾದರೂ ಕಂಡರೆ ದೂರ ಸರಿದು 112ಕ್ಕೆ ಕರೆ ಮಾಡುವುದು, ಅಷ್ಟೇ.

ಮೂರನೆಯ ಹೆಜ್ಜೆ: ವಾರ್ಡಿನಿಂದ ಶುರು ಮಾಡುವುದು

ಕಲಬುರಗಿ ಮಹಾನಗರ ಪಾಲಿಕೆಯಲ್ಲಿ 55 ವಾರ್ಡುಗಳಿವೆ. ಕೋಟೆಯ ಸುತ್ತಲಿನ ನೆಲ ಒಂದೇ ವಾರ್ಡಿಗೆ ಸೇರಿರುವುದಿಲ್ಲ, ಆದ್ದರಿಂದ ನಿಮ್ಮ ಪಟ್ಟಿಯ ಪ್ರತಿ ಚರಂಡಿಯ ಎದುರು ವಾರ್ಡ್ ಸಂಖ್ಯೆ ಬರೆಯಿರಿ. ಸಂಬಂಧಪಟ್ಟ ಕಾರ್ಪೊರೇಟರ್‌ಗಳನ್ನು ಬೇರೆ ಬೇರೆಯಾಗಿ ಭೇಟಿಯಾಗಿ, ಒಬ್ಬರ ಬಗ್ಗೆ ಇನ್ನೊಬ್ಬರಲ್ಲಿ ದೂರದೆ, ಒಂದೇ ಪಟ್ಟಿಯನ್ನು ಎಲ್ಲರಿಗೂ ಕೊಡಿ. ಬೇರೆ ಬೇರೆ ಪಕ್ಷಗಳ ಇಬ್ಬರು ಸದಸ್ಯರು ಒಂದೇ ವಿಷಯಕ್ಕೆ ಸಹಿ ಹಾಕಿದರೆ ಅದರ ತೂಕವೇ ಬೇರೆ.

ಪಾಲಿಕೆ ಕಾಯ್ದೆಯಲ್ಲಿ ವಾರ್ಡ್ ಸಮಿತಿಗೆ ಅವಕಾಶವಿದೆ. ಅದರ ನಿಯಮಗಳು 2016ರಲ್ಲಿ ಬಂದವು. ವಾರ್ಡಿನ ಕಾರ್ಪೊರೇಟರ್ ಅಧ್ಯಕ್ಷರು, ಅವರೊಡನೆ ಹತ್ತು ನಾಮನಿರ್ದೇಶಿತ ಸದಸ್ಯರು. ಆ ಹತ್ತರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ತಿಂಗಳಿಗೊಮ್ಮೆ ಸಭೆ ಸೇರಬೇಕು. ಕಾಗದದ ಮೇಲಿರುವಷ್ಟು ಚುರುಕಾಗಿ ಈ ಸಮಿತಿಗಳು ಎಲ್ಲೆಡೆ ನಡೆಯುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ನಿಮ್ಮ ವಾರ್ಡಿನಲ್ಲಿ ಸಮಿತಿ ಇದ್ದರೆ ಕಂದಕದ ವಿಷಯವನ್ನು ಅದರ ನಡಾವಳಿಯಲ್ಲಿ ಬರೆಯಿಸಿ. ಇಲ್ಲದಿದ್ದರೆ ಸಮಿತಿ ರಚಿಸುವಂತೆ ಕೋರಿ ಪ್ರತ್ಯೇಕ ಅರ್ಜಿ ಕೊಡಿ. ಕಂದಕದ ಅರ್ಜಿಯೊಡನೆ ಅದನ್ನು ಕೂಡಿಸಬೇಡಿ.

ಚುನಾಯಿತ ಕೌನ್ಸಿಲ್ಲಿನ ಅವಧಿ ಐದು ವರ್ಷ. ಅವಧಿ ಮುಗಿದು ಹೊಸ ಚುನಾವಣೆ ಆಗದಿದ್ದಾಗ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಕೌನ್ಸಿಲ್ಲಿನ ಅಧಿಕಾರವನ್ನು ಚಲಾಯಿಸುತ್ತಾರೆ. ಆಗ ಕೆಳಗೆ ಹೇಳಿದ ಸಭೆಯ ಹಂತ ಇರುವುದಿಲ್ಲ. ಅರ್ಜಿಯನ್ನು ನೇರವಾಗಿ ಆಡಳಿತಾಧಿಕಾರಿಗೂ ಆಯುಕ್ತರಿಗೂ ಕೊಡಬೇಕು. ಉಳಿದ ಹೆಜ್ಜೆಗಳು ಹಾಗೆಯೇ.

ನಾಲ್ಕನೆಯ ಹೆಜ್ಜೆ: ಅರ್ಜಿ

ಅರ್ಜಿಯನ್ನು ಆಯುಕ್ತರ ಹೆಸರಿಗೆ ಬರೆದು, ಮಹಾಪೌರರಿಗೂ ಪರಿಷತ್ ಕಾರ್ಯದರ್ಶಿಗೂ ಪ್ರತಿ ಹಾಕಬೇಕು. ಪುರಾತತ್ವ ಇಲಾಖೆಗೆ ಬೇರೆಯದೇ ಅರ್ಜಿ. ಒಂದೇ ಕಾಗದದಲ್ಲಿ ಇಬ್ಬರಿಗೂ ಕೆಲಸ ಹೇಳಿದರೆ ಇಬ್ಬರೂ ಇನ್ನೊಬ್ಬರ ಕೆಲಸವನ್ನಷ್ಟೇ ಓದಿಕೊಳ್ಳುತ್ತಾರೆ. ಕೋರಿಕೆಯ ಭಾಗ ಹೀಗಿದ್ದರೆ ಸಾಕು:

‘ಕೋಟೆಯ ಪೂರ್ವ ಭಾಗದ ಕಂದಕಕ್ಕೆ ಲಗತ್ತಿಸಿದ ಪಟ್ಟಿಯಲ್ಲಿರುವ ಚರಂಡಿಗಳಿಂದ ಮಲಿನ ನೀರು ಹರಿದುಬರುತ್ತಿದೆ. ಈ ಚರಂಡಿಗಳು ರಕ್ಷಿತ ಪ್ರದೇಶದ ಹೊರಗಿದ್ದು ಪಾಲಿಕೆಯ ನಿರ್ವಹಣೆಯಲ್ಲಿವೆ. ಇವುಗಳನ್ನು ಸಮೀಪದ ಒಳಚರಂಡಿಗೆ ಜೋಡಿಸಲು ಅಂದಾಜು ಪಟ್ಟಿ ತಯಾರಿಸುವಂತೆಯೂ, ಕಂದಕದ ದಂಡೆಯಲ್ಲಿ ಕಸ ಸುರಿಯುವ ಜಾಗಗಳನ್ನು ನಿತ್ಯದ ಕಸ ಸಂಗ್ರಹದ ಮಾರ್ಗದಲ್ಲಿ ಸೇರಿಸುವಂತೆಯೂ, ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವಂತೆಯೂ ಕೋರುತ್ತೇವೆ.’

ಮೂರು ಕೋರಿಕೆಗಳು, ಮೂರನ್ನೂ ಪಾಲಿಕೆಯೇ ಮಾಡಬಹುದಾದವು. ‘ಐತಿಹಾಸಿಕ ಪರಂಪರೆಯನ್ನು ಉಳಿಸಬೇಕು’ ಎಂಬ ವಾಕ್ಯ ಬೇಕೆನಿಸಿದರೆ ಒಮ್ಮೆ ಬರೆಯಿರಿ. ಅದರ ಮೇಲೆ ಯಾರೂ ಅಂದಾಜು ಪಟ್ಟಿ ಮಾಡಲಾರರು. ಬಂದ ಕಾಗದಗಳನ್ನು ದಾಖಲಿಸುವ ಆವಕ ಶಾಖೆಯಲ್ಲಿ ಅರ್ಜಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ‘ಇಟ್ಟು ಹೋಗಿ, ನಾವು ನೋಡುತ್ತೇವೆ’ ಎಂದರೆ ವಿನಯದಿಂದ ಅಲ್ಲೇ ನಿಲ್ಲಿ. ಮುಂದೆ ನೀವು ಮಾಡುವ ಎಲ್ಲ ವಿಚಾರಣೆಗೂ ಆ ಸಂಖ್ಯೆಯೇ ಆಧಾರ. ಇದರ ಜೊತೆಗೆ ರಾಜ್ಯ ಸರ್ಕಾರದ ಜನಸ್ಪಂದನದ 1902 ಸಂಖ್ಯೆಗೂ ದೂರು ದಾಖಲಿಸಬಹುದು. ಅದು ಅರ್ಜಿಗೆ ಪೂರಕವೇ ಹೊರತು ಬದಲಿಯಲ್ಲ.

ಐದನೆಯ ಹೆಜ್ಜೆ: ಸಾಮಾನ್ಯ ಸಭೆಯನ್ನು ಓದಲು ಕಲಿಯುವುದು

ಪಾಲಿಕೆಯ ಸಾಮಾನ್ಯ ಸಭೆ ತಿಂಗಳಿಗೊಮ್ಮೆ ನಡೆಯಬೇಕೆಂಬುದು ಕ್ರಮ. ಪತ್ರಿಕೆಗಳಲ್ಲಿ ನಾವು ಓದುವುದು ಸಭೆಯಲ್ಲಿ ಆದ ಗದ್ದಲವನ್ನು. ಗದ್ದಲ ಮುಗಿದ ಮೇಲೆ ಅರ್ಧ ಗಂಟೆಯಲ್ಲಿ ಮಂಜೂರಾಗುವ ಹತ್ತಿಪ್ಪತ್ತು ವಿಷಯಗಳಲ್ಲೇ ಊರಿನ ಬದುಕು ಇರುತ್ತದೆ: ಹಿಂದಿನ ಸಭೆಯ ನಡಾವಳಿಯ ದೃಢೀಕರಣ, ಸ್ಥಾಯಿ ಸಮಿತಿಗಳ ಶಿಫಾರಸುಗಳು, ಕಾಮಗಾರಿಗಳ ಅನುಮೋದನೆ, ಪಾಲಿಕೆಯ ಮಳಿಗೆಗಳ ಬಾಡಿಗೆ, ಬೀದಿದೀಪ ಮತ್ತು ಕಸ ಸಾಗಣೆಯ ಗುತ್ತಿಗೆಗಳು, ರಸ್ತೆ ಅಥವಾ ವೃತ್ತಕ್ಕೆ ಹೆಸರಿಡುವುದು. ಹೆಸರಿಡುವ ವಿಷಯಕ್ಕೆ ಹೋಗುವ ಹೊತ್ತನ್ನು ನೋಡಿದರೆ ಚರಂಡಿಯ ವಿಷಯಕ್ಕೆ ಹೊತ್ತು ಏಕೆ ಉಳಿಯುವುದಿಲ್ಲ ಎಂಬುದು ಅರ್ಥವಾಗುತ್ತದೆ.

ವಿಷಯ ಸಭೆಯ ಮುಂದೆ ಬರಲು ಮುಖ್ಯವಾಗಿ ಮೂರು ಬಾಗಿಲುಗಳಿವೆ. ಆಯುಕ್ತರ ಕಚೇರಿಯಿಂದ ಟಿಪ್ಪಣಿಯೊಡನೆ ಬರುವುದು ಒಂದು. ಸ್ಥಾಯಿ ಸಮಿತಿಯ ಶಿಫಾರಸಾಗಿ ಬರುವುದು ಎರಡನೆಯದು. ಸದಸ್ಯರೊಬ್ಬರು ಲಿಖಿತ ಸೂಚನೆ ಕೊಟ್ಟು ತರುವುದು ಮೂರನೆಯದು. ಕಾಯ್ದೆಯ ಪ್ರಕಾರ ಸ್ಥಾಯಿ ಸಮಿತಿಗಳು ನಾಲ್ಕು: ತೆರಿಗೆ, ಹಣಕಾಸು ಮತ್ತು ಮೇಲ್ಮನವಿಗೆ ಒಂದು, ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯಕ್ಕೆ ಒಂದು, ನಗರ ಯೋಜನೆ ಮತ್ತು ಅಭಿವೃದ್ಧಿಗೆ ಒಂದು, ಲೆಕ್ಕಪತ್ರಕ್ಕೆ ಒಂದು. ಕಂದಕದ ವಿಷಯಕ್ಕೆ ಆರೋಗ್ಯ ಸಮಿತಿಯ ಬಾಗಿಲೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಸದಸ್ಯರೊಬ್ಬರು ಸಭೆಯಲ್ಲಿ ಎದ್ದು ಮಾತನಾಡಿದರೆ ಮರುದಿನ ಸುದ್ದಿಯಾಗುತ್ತದೆ, ಆಯುಕ್ತರು ‘ಪರಿಶೀಲಿಸುತ್ತೇವೆ’ ಎನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಸಮಿತಿಯ ಮೂಲಕ ಬಂದ ವಿಷಯಕ್ಕೆ ಮಾತ್ರ ಅಧಿಕಾರಿಯ ಟಿಪ್ಪಣಿ, ಸ್ಥಳ ಪರಿಶೀಲನೆಯ ವರದಿ, ಅಂದಾಜು ಮೊತ್ತ ಜೊತೆಯಲ್ಲೇ ಬಂದಿರುತ್ತವೆ.

ಸಭೆಯ ದಿನಾಂಕ ಮತ್ತು ಕಾರ್ಯಸೂಚಿಯನ್ನು ಪರಿಷತ್ ಕಾರ್ಯದರ್ಶಿಯವರ ಕಚೇರಿಯಲ್ಲಿ ಕೇಳಿ. ಪ್ರೇಕ್ಷಕರಾಗಿ ಕುಳಿತುಕೊಳ್ಳಬೇಕೆಂದರೆ ಅಲ್ಲಿಯೇ ಮೊದಲು ವಿಚಾರಿಸಿ ಹೋಗಿ. ಸಭೆಯಲ್ಲಿ ಮಾತನಾಡುವ ಹಕ್ಕು ಸಾರ್ವಜನಿಕರಿಗಿಲ್ಲ, ಘೋಷಣೆ ಕೂಗಿದರೆ ಹೊರಗೆ ಕಳುಹಿಸುತ್ತಾರೆ. ಸುಮ್ಮನೆ ಕುಳಿತು ವಿಷಯ ಸಂಖ್ಯೆಯನ್ನೂ ಯಾರು ಏನೆಂದರು ಎಂಬುದನ್ನೂ ಬರೆದುಕೊಂಡರೆ ನಂತರ ನಡಾವಳಿಯೊಡನೆ ಹೋಲಿಸಿ ನೋಡಬಹುದು.

ನಡಾವಳಿಯ ಭಾಷೆಗೆ ಅದರದೇ ಅರ್ಥಗಳಿವೆ. ‘ನಿಯಮಾನುಸಾರ ಕ್ರಮ ಕೈಗೊಳ್ಳಲು ಸೂಚಿಸಲಾಯಿತು’ ಎಂದಿದ್ದರೆ ಯಾರೂ ಏನೂ ಮಾಡಬೇಕಾಗಿಲ್ಲ ಎಂದು ತಿಳಿಯಬಹುದು. ‘ಮುಂದಿನ ಸಭೆಗೆ ಮುಂದೂಡಲಾಯಿತು’ ಎಂದಿದ್ದರೆ ಮುಂದಿನ ಕಾರ್ಯಸೂಚಿಯಲ್ಲಿ ಅದು ಇದೆಯೇ ಎಂದು ನೀವೇ ನೋಡಬೇಕು, ತಾನಾಗಿ ಬರುತ್ತದೆಂದು ನಂಬಿ ಕೂರುವಂತಿಲ್ಲ. ಕೆಲಸಕ್ಕೆ ಬರುವ ಠರಾವಿನಲ್ಲಿ ನಾಲ್ಕು ಅಂಶಗಳಿರಬೇಕು: ಯಾವ ಕಾಮಗಾರಿ, ಎಷ್ಟು ಮೊತ್ತ, ಯಾವ ಲೆಕ್ಕಶೀರ್ಷಿಕೆಯಿಂದ (ಬಜೆಟ್ಟಿನ ಯಾವ ಬಾಬಿನ ಹಣದಿಂದ), ಯಾವ ಅಧಿಕಾರಿಯ ಹೊಣೆಯಲ್ಲಿ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಕಡತ ಎಲ್ಲೋ ಒಂದೆಡೆ ನಿಲ್ಲುತ್ತದೆ, ಹೆಚ್ಚಾಗಿ ಮೂರನೆಯ ಅಂಶದಲ್ಲಿ.

ಆದ್ದರಿಂದ ತಿಂಗಳನ್ನು ಆರಿಸುವುದು ಮುಖ್ಯ. ಪಾಲಿಕೆಯ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ, ಅದಕ್ಕೆ ಮೊದಲೇ ಬಜೆಟ್ ಸಿದ್ಧವಾಗುತ್ತದೆ. ನವೆಂಬರ್ ಅಥವಾ ಡಿಸೆಂಬರಿನಲ್ಲಿ ಅರ್ಜಿ ಕೊಟ್ಟರೆ ಬಜೆಟ್ಟಿನ ಪೂರ್ವಭಾವಿ ಚರ್ಚೆಗೆ ನಿಮ್ಮ ಪಟ್ಟಿ ಸಿಗುತ್ತದೆ. ಜುಲೈಯಲ್ಲಿ, ಮಳೆ ಸುರಿದು ನಾರುವಾಗ, ಸಿಟ್ಟಿನಿಂದ ಕೊಟ್ಟ ಅರ್ಜಿಗೆ ‘ಅನುದಾನ ಲಭ್ಯವಿಲ್ಲ’ ಎಂಬ ಉತ್ತರ ಬರುವುದು ಸಹಜ.

ಆರನೆಯ ಹೆಜ್ಜೆ: ಠರಾವಿನ ನಂತರ

ಠರಾವು ಆಯಿತೆಂದರೆ ಕೆಲಸ ಶುರುವಾಯಿತೆಂದಲ್ಲ. ಅಂದಾಜು ಪಟ್ಟಿಗೆ ತಾಂತ್ರಿಕ ಮಂಜೂರಾತಿ, ಟೆಂಡರು, ಕಾರ್ಯಾದೇಶ, ಕೆಲಸ, ಅಳತೆ ಪುಸ್ತಕದಲ್ಲಿ ದಾಖಲೆ, ಬಿಲ್ಲು, ಇದು ಸಾಲು. ಕಾರ್ಯಾದೇಶದ ಪ್ರತಿಯೊಂದನ್ನು ಪಡೆದುಕೊಳ್ಳಿ. ಎಷ್ಟು ಮೀಟರ್ ಪೈಪು, ಎಷ್ಟು ದಿನ ಎಂಬುದು ಅದರಲ್ಲಿರುತ್ತದೆ.

ಕೆಲಸ ನಡೆಯುವಾಗ ಮೂರು ವಿಷಯಗಳ ಮೇಲೆ ಕಣ್ಣಿಡಬೇಕು. ಕಂದಕದ ಒಳಗಿನ ಹೂಳೆತ್ತುವುದು ಪುರಾತತ್ವ ಇಲಾಖೆಯ ಲಿಖಿತ ಒಪ್ಪಿಗೆಯ ಮೇಲೆ, ಅದರ ಸಿಬ್ಬಂದಿಯ ಎದುರಿನಲ್ಲಿಯೇ ಆಗಬೇಕು. ಉತ್ಸಾಹದಿಂದ ಜೆಸಿಬಿ ಇಳಿಸಿ ಗೋಡೆಯ ಬುಡ ಕೆರೆದರೆ ಕಸಕ್ಕಿಂತ ದೊಡ್ಡ ಹಾನಿಯಾಗುತ್ತದೆ. ಎರಡನೆಯದಾಗಿ, ಚರಂಡಿಗೆ ಅಥವಾ ಮ್ಯಾನ್‌ಹೋಲಿಗೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಗುತ್ತಿಗೆದಾರ ಹಾಗೆ ಮಾಡಿಸುತ್ತಿದ್ದರೆ ಕೆಲಸ ನಿಂತರೂ ಚಿಂತೆಯಿಲ್ಲವೆಂದು ಆರೋಗ್ಯ ನಿರೀಕ್ಷಕರಿಗೆ ಆಗಲೇ ತಿಳಿಸಿ. ನಮ್ಮ ಕೋಟೆ ಚೆಂದ ಕಾಣಲೆಂದು ಒಬ್ಬ ಪೌರಕಾರ್ಮಿಕರ ಜೀವಕ್ಕೆ ಅಪಾಯ ಬರಬಾರದು. ಮೂರನೆಯದಾಗಿ, ಎತ್ತಿದ ರಾಡಿ ಮತ್ತು ಕಸ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ನಗರದ ಕಸಕ್ಕೆ ಉದನೂರಿನ ಬಳಿ ಘಟಕವಿದೆ. ರಾತ್ರಿ ಹೊತ್ತು ರಿಂಗ್ ರಸ್ತೆಯ ಬದಿಯ ಖಾಲಿ ಪ್ಲಾಟಿನಲ್ಲಿ ಸುರಿದು ಬಂದರೆ ಕಂದಕದ ಕಸ ಇನ್ನೊಬ್ಬರ ಓಣಿಗೆ ವರ್ಗವಾದಂತೆ.

ಇನ್ನೊಂದು ಮಾತು. ಹೂಳೆತ್ತುವ ಕೆಲಸಕ್ಕೆ ಫೋಟೊ ಚೆನ್ನಾಗಿ ಬರುತ್ತದೆ, ಚರಂಡಿ ತಿರುಗಿಸುವ ಕೆಲಸಕ್ಕೆ ಬರುವುದಿಲ್ಲ. ಹೀಗಾಗಿ ಎಲ್ಲರ ಒಲವು ಮೊದಲನೆಯದರ ಕಡೆಗೇ. ಚರಂಡಿ ತಿರುಗಿಸದೆ ಹೂಳೆತ್ತಿದರೆ ಒಂದೆರಡು ಮಳೆಗಾಲದಲ್ಲಿ ಕಂದಕ ಮತ್ತೆ ಮೊದಲಿನಂತಾಗುತ್ತದೆ, ಖರ್ಚು ಮಾತ್ರ ಲೆಕ್ಕದಲ್ಲಿ ಉಳಿಯುತ್ತದೆ. ಯಾವ ಕೆಲಸ ಮೊದಲು ಎಂದು ಯಾರಾದರೂ ನಿಮ್ಮ ಅಭಿಪ್ರಾಯ ಕೇಳಿದರೆ, ಚರಂಡಿ ಮೊದಲು ಎಂದು ಬರೆದುಕೊಡಿ.

ಏಳನೆಯ ಹೆಜ್ಜೆ: ಕಡತ ನಿಂತರೆ

ಎರಡು ತಿಂಗಳಾದರೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಕೇಳಬೇಕು. ಪಾಲಿಕೆಗೆ ಕೊಡುವ ಅರ್ಜಿ ನಮೂನೆ ‘ಎ’ಯಲ್ಲಿರಬೇಕು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು, ಇದು ಕರ್ನಾಟಕದ ನಿಯಮ. ಪುರಾತತ್ವ ಇಲಾಖೆ ಕೇಂದ್ರದ್ದಾದ್ದರಿಂದ ಅಲ್ಲಿ 500 ಪದಗಳವರೆಗೆ ಅವಕಾಶವಿದೆ, ಆನ್‌ಲೈನಿನಲ್ಲೂ ಹಾಕಬಹುದು. ಶುಲ್ಕ ಎರಡೂ ಕಡೆ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಪ್ರತಿಗಳಿಗೆ ಪುಟಕ್ಕೆ 2 ರೂಪಾಯಿ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ 30 ದಿನಗಳೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಆಯೋಗಕ್ಕೆ ಎರಡನೆಯದು. ಪಾಲಿಕೆಯ ವಿಷಯವಾದರೆ ಅದು ರಾಜ್ಯ ಮಾಹಿತಿ ಆಯೋಗಕ್ಕೆ ಹೋಗುತ್ತದೆ. ಅದರ ಪೀಠ ಕಲಬುರಗಿಯಲ್ಲಿಯೇ ಇರುವುದರಿಂದ ಬೆಂಗಳೂರಿನ ಓಡಾಟ ತಪ್ಪುತ್ತದೆ.

‘ಏಕೆ ಮಾಡಿಲ್ಲ’ ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ‘ಆವಕ ಸಂಖ್ಯೆ ಇಂಥದ್ದರ ಅರ್ಜಿಯ ಮೇಲಿನ ಟಿಪ್ಪಣಿ ಹಾಳೆಗಳ ಪ್ರತಿ’ ಎಂದು ಕೇಳಿ. ಟಿಪ್ಪಣಿ ಹಾಳೆಯಲ್ಲಿ ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತು ಎಂಬುದು ದಿನಾಂಕ ಸಮೇತ ಕಾಣುತ್ತದೆ. ಅದನ್ನು ಕೇಳಿದ್ದಾರೆಂಬ ಸುದ್ದಿಗೇ ಕೆಲವು ಕಡತಗಳು ಎದ್ದು ನಡೆದದ್ದನ್ನು ಕಂಡಿದ್ದೇನೆ.

ಮಲಿನ ನೀರಿನ ಬಗ್ಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲಬುರಗಿ ಪ್ರಾದೇಶಿಕ ಕಚೇರಿಗೂ ದೂರು ಕೊಡಬಹುದು. ನ್ಯಾಯಾಲಯದ ಖರ್ಚಿಗೆ ಹೆದರುವವರಿಗೆ ಇನ್ನೊಂದು ದಾರಿಯುಂಟು, ಅದು ಹೆಚ್ಚಿನವರಿಗೆ ಗೊತ್ತಿಲ್ಲ: ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ನೈರ್ಮಲ್ಯವೂ ಒಂದು ಸಾರ್ವಜನಿಕ ಉಪಯುಕ್ತ ಸೇವೆ. ಆ ಬಗೆಯ ದೂರನ್ನು ನ್ಯಾಯಾಲಯಕ್ಕೆ ಹೋಗುವ ಮೊದಲು ಖಾಯಂ ಜನತಾ ನ್ಯಾಯಾಲಯದ ಮುಂದೆ, ನ್ಯಾಯಾಲಯ ಶುಲ್ಕವಿಲ್ಲದೆ, ಇಡಬಹುದು. ಅರ್ಜಿ ಹಾಕುವ ಬಗೆಯನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಉಚಿತವಾಗಿ ಹೇಳಿಕೊಡುತ್ತಾರೆ.

ಕೆಲಸ ಮುಗಿಯಿತೆಂದು ಬಿಲ್ಲಾದ ಮೇಲೆ ಮೊದಲ ದೊಡ್ಡ ಮಳೆಯ ಮರುದಿನ ಹಳೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮತ್ತೊಮ್ಮೆ ದಂಡೆಯ ಮೇಲೆ ನಡೆಯಿರಿ. ಯಾವ ಸಂಖ್ಯೆಯ ಚರಂಡಿ ನಿಂತಿದೆ, ಯಾವುದು ಇನ್ನೂ ಹರಿಯುತ್ತಿದೆ ಎಂದು ಗುರುತು ಹಾಕಿ, ಠರಾವಿನ ಸಂಖ್ಯೆಯನ್ನು ನಮೂದಿಸಿ, ಅದರ ಅನುಪಾಲನಾ ವರದಿಯನ್ನು (ಠರಾವು ಎಷ್ಟು ಜಾರಿಯಾಯಿತೆಂಬ ವರದಿಯನ್ನು) ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸುವಂತೆ ಪರಿಷತ್ ಕಾರ್ಯದರ್ಶಿಗೆ ಒಂದು ಪುಟದ ಪತ್ರ ಬರೆಯಿರಿ. ಆ ಪತ್ರಕ್ಕೂ ಆವಕ ಸಂಖ್ಯೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.